ಬೀಗದ ಕೈ ಮನೆಯೊಳಗೆ

1969ರ ಕೊನೆಯಲ್ಲಿ ಅಮೆರಿಕದ ಆರ್ಪಾನೆಟ್ ಜಾಲದಲ್ಲಿದ್ದ ಕೇಂದ್ರಗಳು ನಾಲ್ಕೇ. ಅದರ ನಕ್ಷೆ ಒಂದು ಹಾಳೆಯಲ್ಲಿ ಹಿಡಿಯುತ್ತಿತ್ತು. ಇಂದಿನ ಅಂತರಜಾಲವಾದರೋ ಎಪ್ಪತ್ತು ಸಾವಿರಕ್ಕೂ ಮಿಕ್ಕ ಸ್ವತಂತ್ರ ಜಾಲಗಳ ಕೂಟ. ಅದರ ಪೂರ್ಣಚಿತ್ರ ಯಾವೊಬ್ಬ ಎಂಜಿನಿಯರನ ತಲೆಯಲ್ಲಿಯೂ ಇರಲಾರದು. ಆದುದರಿಂದ ಜಾಲದ ಮೇಲ್ವಿಚಾರಣೆಯನ್ನು ಯಂತ್ರಗಳಿಗೇ ವಹಿಸುವುದು ಅನಿವಾರ್ಯವೆಂದು ನಾವೂ ಒಪ್ಪುತ್ತೇವೆ. ಆದರೆ ಯಂತ್ರ ತಪ್ಪಿದಾಗ ತಿದ್ದುವ ದಾರಿ ಯಾವುದು?

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯಲ್ಲಿ, ದತ್ತಾಂಶ ಕೇಂದ್ರಗಳನ್ನು ಜೋಡಿಸುವ ಮುಖ್ಯಜಾಲದ ನಿರ್ವಹಣಾ ಕೆಲಸ ನಡೆದಿತ್ತು. ಜಾಲದ ಸಾಮರ್ಥ್ಯವನ್ನು ಅಳೆಯಲೆಂದು ಕೊಟ್ಟ ಒಂದು ಆಜ್ಞೆ ಸಂಪರ್ಕಗಳನ್ನೆಲ್ಲ ಕಡಿದುಹಾಕಿತು. ಇಂತಹ ಆಜ್ಞೆಯನ್ನು ತಡೆಯಬೇಕಾಗಿದ್ದ ತಂತ್ರಾಂಶದಲ್ಲಿಯೇ ದೋಷವಿತ್ತು. ಕೇಂದ್ರಗಳ ಸಂಪರ್ಕ ತಪ್ಪಿದೊಡನೆ, ಹೆಸರಿಗೆ ತಕ್ಕ ವಿಳಾಸವನ್ನು ಹೇಳುವ ಗಣಕಗಳು, ತಮಗೆ ವಿಧಿಸಿದ ನಿಯಮದಂತೆ, ತಮ್ಮನ್ನು ತಲುಪುವ ದಾರಿಯ ಪ್ರಕಟಣೆಯನ್ನೇ ಹಿಂತೆಗೆದುಕೊಂಡವು. ವಾಟ್ಸ್‌ಆ್ಯಪ್ ಸಹಿತವಾಗಿ ಆ ಸಂಸ್ಥೆಯ ಸೇವೆಗಳು ಸುಮಾರು ಆರು ಗಂಟೆಗಳ ಕಾಲ ಸ್ತಬ್ಧವಾದವು. ಸರಿಪಡಿಸುವ ಸಾಧನಗಳೂ ಅದೇ ಜಾಲವನ್ನು ನೆಚ್ಚಿದ್ದವು! ಆಪತ್ಕಾಲಕ್ಕೆಂದು ಇದ್ದ ಬೇರೆ ಮಾರ್ಗವೂ ಅಂದು ಕೈಕೊಟ್ಟಿತು. ಎಂಜಿನಿಯರರು ಕೇಂದ್ರಗಳಿಗೆ ಖುದ್ದಾಗಿ ಹೋಗಬೇಕಾಯಿತು. ಅಲ್ಲಿಯ ಭದ್ರವಾದ ಬಾಗಿಲುಗಳನ್ನು ದಾಟುವುದಕ್ಕೇ ಬಹಳ ಹೊತ್ತು ಹಿಡಿಯಿತು.

ಬದಲಿ ಮಾರ್ಗವು ನಕ್ಷೆಯಲ್ಲಿ ಇದ್ದರೆ ಸಾಲದು. ಆ ಸಂಸ್ಥೆಯು ಅವಘಡಗಳ ಅಣಕು ಪರೀಕ್ಷೆಗಳನ್ನು ನಡೆಸುತ್ತಲೇ ಬಂದಿತ್ತು. ಮುಖ್ಯಜಾಲವೇ ಇಡಿಯಾಗಿ ನಿಂತುಹೋದರೆ ಗತಿಯೇನೆಂಬುದನ್ನು ಮಾತ್ರ ಅದುವರೆಗೆ ಪರೀಕ್ಷಿಸಿರಲಿಲ್ಲ. ನಾಳಿನ ಜಾಲಗಳನ್ನು ಕಟ್ಟಲಿರುವ ವಿದ್ಯಾರ್ಥಿಮಿತ್ರರು ಎಲ್ಲಕ್ಕಿಂತ ಮೊದಲು ನಡೆಸಬೇಕಾದದ್ದು ಆ ಪರೀಕ್ಷೆಯನ್ನೇ ಎಂದು ನಮ್ಮ ಅಭಿಪ್ರಾಯ. ಖರ್ಚಿನ ಮಾತು ಆಮೇಲೆ.