ಧರ್ಮಕೇಂದ್ರದ ದಫ್ತರು ಮತ್ತು ನಮ್ಮ ಮೊಹಲ್ಲಾ

ಹಾಸನ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ನಮ್ಮ ಸಂಖ್ಯೆಗಿಂತ ಬಹಳ ಕಡಿಮೆ. ಹಾಸನ ನಗರವನ್ನು ಬಿಟ್ಟು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಗೆ ಬಂದರೆ ಅವರ ಮನೆಗಳನ್ನು ಎಣಿಸಿ ಹೇಳಬಹುದು. ಹಾಗಿದ್ದರೂ ಅವರಲ್ಲಿ ಒಬ್ಬ ಮುದುಕ ಹಾಸಿಗೆ ಹಿಡಿದರೆ ವಾರದೊಳಗೆ ಅವರ ಗುರುಗಳಿಗೆ ತಿಳಿಯುತ್ತದೆ. ನಮ್ಮ ಮೊಹಲ್ಲಾದಲ್ಲಿ ಅಂಥವನೊಬ್ಬ ಮಲಗಿದರೆ ಜನಾಝಾದ ಘೋಷಣೆಯಾಗುವವರೆಗೂ ಜಮಾಅತ್‌ಗೆ ತಿಳಿಯದಿರುವ ಸಂದರ್ಭಗಳುಂಟು. ಈ ವ್ಯತ್ಯಾಸ ಎಲ್ಲಿಂದ ಬಂತು? ಅವರ ಹೃದಯ ನಮ್ಮ ಹೃದಯಕ್ಕಿಂತ ಮೃದುವೆಂದು ನಾವು ಒಪ್ಪುವುದಿಲ್ಲ. ಕಾರಣ ಅವರ ವ್ಯವಸ್ಥೆಯಲ್ಲಿದೆ, ಆದ್ದರಿಂದ ಆ ವ್ಯವಸ್ಥೆಯನ್ನು ಅರಿಯುವುದು ಲಾಭದಾಯಕ.

ಇಗರ್ಜಿ ಎಂದರೆ ನಮ್ಮ ಕಣ್ಣಿಗೆ ಕಾಣುವುದು ಗೋಪುರ, ಗಂಟೆ, ಶಿಲುಬೆ. ಕ್ಯಾಥೋಲಿಕರಿಗೆ ಅದಕ್ಕಿಂತ ಮುಖ್ಯವಾದುದು 'ಧರ್ಮಕೇಂದ್ರ'. ಅದು ಕಟ್ಟಡದ ಹೆಸರಲ್ಲ, ಒಂದು ಗಡಿಯ ಹೆಸರು. ಆ ಗಡಿಯೊಳಗೆ ವಾಸಿಸುವ ಪ್ರತಿಯೊಬ್ಬ ಕ್ಯಾಥೋಲಿಕನೂ, ಆತ ಭಾನುವಾರದ ಬಲಿಪೂಜೆಗೆ ಬಂದರೂ ಬಾರದಿದ್ದರೂ, ಆ ಕೇಂದ್ರದ ಹೊಣೆ. ಇಂಥ ಹಲವು ಧರ್ಮಕೇಂದ್ರಗಳು ಸೇರಿ ಒಂದು ಧರ್ಮಪ್ರಾಂತವಾಗುತ್ತದೆ. ಹಾಸನ ಜಿಲ್ಲೆಯು 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದೆ. ನಮ್ಮ ಜಮಾಅತ್‌ಗಳ ರೂಢಿ ಬೇರೆ. ಚಂದಾ ಕೊಡುವವನು ಸದಸ್ಯ, ಕೊಡಲಾಗದವನು ಕೇವಲ ನಮಾಝಿ. ಬಾಡಿಗೆ ಮನೆಯಲ್ಲಿರುವ ಕೂಲಿಯವನ ಹೆಸರು, ಬೇರೆ ಊರಿನಿಂದ ಬಂದು ಗ್ಯಾರೇಜಿನಲ್ಲಿ ದುಡಿಯುವ ಹುಡುಗನ ಹೆಸರು ಯಾವ ಪುಸ್ತಕದಲ್ಲಿದೆ? ಎಲ್ಲೆಡೆ ಹೀಗೇ ಇದೆಯೆಂದು ನಾವು ಹೇಳುತ್ತಿಲ್ಲ. ಕ್ರಮವಾಗಿ ದಾಖಲೆ ಇಡುವ ಜಮಾಅತ್‌ಗಳೂ ಇವೆ, ಆದರೆ ಅವು ವಿರಳ.

ಧರ್ಮಕೇಂದ್ರದ ಜೀವಾಳವೆಂದರೆ ಅದರ ದಫ್ತರು. 1563ರಲ್ಲಿ, ಟ್ರೆಂಟ್ ನಗರದ ಮಹಾಸಭೆಯು ಪ್ರತಿಯೊಬ್ಬ ಗುರುವೂ ವಿವಾಹಗಳ ಪುಸ್ತಕವನ್ನು ಇಡಲೇಬೇಕೆಂದು ವಿಧಿಸಿತು. ಯುರೋಪಿನಲ್ಲಿ ಗುಪ್ತ ವಿವಾಹಗಳಿಂದ ಹೆಂಗಸರು ಮೋಸಹೋಗುತ್ತಿದ್ದುದು ಅದರ ಹಿಂದಿನ ಒಂದು ದೊಡ್ಡ ಕಾರಣ. ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ಸಂಹಿತೆಯ 535ನೆಯ ನಿಯಮದ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳಿರಬೇಕು. ಇದರಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಓದುಗರು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಕೋರಿಕೆ. ಅರಕಲಗೂಡಿನಲ್ಲಿ ಜ್ಞಾನಸ್ನಾನ ಪಡೆದ ಮಗುವೊಂದು ಬೆಳೆದು ಬೆಂಗಳೂರಿನಲ್ಲಿ ಮದುವೆಯಾಯಿತೆಂದು ಭಾವಿಸಿರಿ. ಬೆಂಗಳೂರಿನ ಇಗರ್ಜಿಯು ಆ ಮದುವೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡರೆ ಸಾಲದು. ಜ್ಞಾನಸ್ನಾನವಾದ ಕೇಂದ್ರಕ್ಕೆ ಸೂಚನೆ ಕಳುಹಿಸಬೇಕು, ಅಲ್ಲಿಯ ಹಳೆಯ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಪಕ್ಕದಲ್ಲಿ 'ಇಂಥ ದಿನ, ಇಂಥ ಊರಿನಲ್ಲಿ, ಇಂಥವರೊಡನೆ ವಿವಾಹ' ಎಂದು ಟಿಪ್ಪಣಿ ಏರಬೇಕು. ಮುಂದೆ ಆತ ಮತ್ತೊಂದು ಊರಿಗೆ ಹೋಗಿ 'ನಾನು ಅವಿವಾಹಿತ' ಎಂದರೆ, ಅಲ್ಲಿಯ ಗುರುಗಳು ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಪತ್ರವನ್ನು ಕೇಳುತ್ತಾರೆ. ಟಿಪ್ಪಣಿ ಆ ಪತ್ರದಲ್ಲೇ ಇರುತ್ತದೆ. ಸುಳ್ಳು ಅಲ್ಲಿಗೆ ನಿಲ್ಲುತ್ತದೆ.

ಈಗ ನಮ್ಮ ಕಡೆಗೆ ನೋಡೋಣ. ನಿಕಾಹ್ ಎಂಬುದು ಸಾಕ್ಷಿಗಳ ಸಮ್ಮುಖದಲ್ಲಿ, ಮಹ್ರ್ ನಿಗದಿಯಾಗಿ ನಡೆಯುವ ಪವಿತ್ರ ಒಪ್ಪಂದ. ಈ ವಿಧಿಯಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಮರುದಿನದಿಂದ. ನಿಕಾಹ್‌ನಾಮಾದ ಒಂದು ಪ್ರತಿ ವರನ ಮನೆಯ ಟ್ರಂಕಿನಲ್ಲಿ, ಒಂದು ವಧುವಿನ ಮನೆಯ ಬೀರುವಿನಲ್ಲಿ. ಮೂರನೆಯದು ನಿಕಾಹ್ ಓದಿಸಿದವರ ಬಳಿ. ಅವರು ಊರು ಬದಲಾಯಿಸಿದರೆ ಪುಸ್ತಕವೂ ಅವರೊಂದಿಗೆ ಹೋಗುತ್ತದೆ. ವರ್ಷಗಳ ನಂತರ ಗಂಡ ತೀರಿಕೊಂಡಾಗ ವಿಧವಾ ವೇತನಕ್ಕೆಂದು ನಾಡಕಚೇರಿಯ ಬಾಗಿಲಲ್ಲಿ ನಿಲ್ಲುವ ಸಹೋದರಿಯ ಕೈಯಲ್ಲಿ ಮದುವೆಯ ಕಾಗದವೇ ಇರುವುದಿಲ್ಲ. ಇನ್ನೂ ಕಹಿಯಾದ ಸಂಗತಿಯೊಂದಿದೆ. ಒಂದು ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ಇನ್ನೊಂದು ಊರಿನಲ್ಲಿ ಅವಿವಾಹಿತನೆಂದು ಹೇಳಿಕೊಂಡು ನಿಕಾಹ್ ಮಾಡಿಕೊಂಡ ಗಂಡಸರ ಕಥೆಗಳು ನಮ್ಮ ತಾಲ್ಲೂಕುಗಳಿಗೆ ಹೊಸವೇನಲ್ಲ. ಅಂಥವನನ್ನು ತಡೆಯಲು ಎರಡನೆಯ ಊರಿನ ಜಮಾಅತ್ ಬಳಿ ಏನಿತ್ತು? ಮೊದಲ ಊರಿಗೆ ಒಂದು ಕಾಗದ ಬರೆದು ಕೇಳುವ ಪದ್ಧತಿಯಿದ್ದಿದ್ದರೆ ಒಬ್ಬ ಹೆಣ್ಣುಮಗಳ ಬದುಕು ಉಳಿಯುತ್ತಿತ್ತು. ಶರೀಅತ್ ಕೊಟ್ಟ ಅನುಮತಿಯ ಮಾತು ಇಲ್ಲಿ ಬೇಡ. ಶರೀಅತ್ ನ್ಯಾಯವನ್ನು ಷರತ್ತಾಗಿ ವಿಧಿಸಿದೆ, ವಂಚನೆಗೆ ಅದರಲ್ಲಿ ಎಲ್ಲಿಯೂ ಜಾಗವಿಲ್ಲ.

ಬರೆದಿಡುವುದು ಕ್ರೈಸ್ತರಿಂದ ಎರವಲು ತರಬೇಕಾದ ವಿದ್ಯೆಯೆಂದು ಯಾರಾದರೂ ಭಾವಿಸಿದರೆ ಅವರು ನಮ್ಮ ಮೂಲಗಳನ್ನೇ ಮರೆತಿದ್ದಾರೆ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದು? ಅಲ್ ಬಕರ ಅಧ್ಯಾಯದ 282ನೆಯದು. ಅದರ ವಿಷಯ ಸ್ವರ್ಗವೂ ಅಲ್ಲ, ನರಕವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದು, ಬರೆಯುವವನ ನಿಷ್ಠೆ, ಸಾಕ್ಷಿಗಳ ಹೊಣೆ. ಮೊತ್ತ ಸಣ್ಣದಾಗಿರಲಿ ದೊಡ್ಡದಾಗಿರಲಿ ಬರೆಯಲು ಬೇಸರಪಡಬಾರದೆಂಬ ಎಚ್ಚರಿಕೆಯೂ ಅದರಲ್ಲಿದೆ. ಸ್ವಹೀಹುಲ್ ಬುಖಾರಿಯಲ್ಲಿ ಹಝ್ರತ್ ಹುದೈಫಾ(ರ) ಅವರಿಂದ ಬಂದ ವರದಿಯೊಂದಿದೆ. ಇಸ್ಲಾಮನ್ನು ಸ್ವೀಕರಿಸಿದವರ ಹೆಸರುಗಳನ್ನು ಬರೆದುಕೊಡಬೇಕೆಂದು ಪ್ರವಾದಿ(ಸ)ರು ಆಜ್ಞಾಪಿಸಿದರು, 1500 ಪುರುಷರ ಪಟ್ಟಿ ಸಿದ್ಧವಾಯಿತು. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಸಮಾಜದಲ್ಲಿ, ಕಾಗದವೇ ಇಲ್ಲದ ಕಾಲದಲ್ಲಿ ನಡೆದ ಜನಗಣತಿ ಅದು. ಮುಂದೆ ಹಝ್ರತ್ ಉಮರ್(ರ) ದೀವಾನ್ ಎಂಬ ದಾಖಲೆ ಪದ್ಧತಿಯನ್ನೇ ಸ್ಥಾಪಿಸಿ ಯಾರಿಗೆ ಎಷ್ಟು ಸಲ್ಲಬೇಕೆಂಬುದನ್ನು ಹೆಸರು ಹೆಸರಾಗಿ ಬರೆಸಿದರು. ಇಂಥ ಪರಂಪರೆಯ ವಾರಸುದಾರರು ಇಂದು ಮಸೀದಿಯ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತೇವೆ.

ಅದರ ಬೆಲೆ ಏನೆಂಬುದು 2025ರಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ವಕ್ಫ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, ಜೂನ್ 6ರಂದು ಉಮೀದ್ ಪೋರ್ಟಲ್ ತೆರೆದು, ಆರು ತಿಂಗಳೊಳಗೆ ವಕ್ಫ್ ಆಸ್ತಿಗಳ ವಿವರ ತುಂಬಬೇಕೆಂದು ಸರಕಾರ ಹೇಳಿದಾಗ ಮುತವಲ್ಲಿಗಳು ದಿಕ್ಕೆಟ್ಟು ಓಡಾಡಿದರು. ಆ ಕಾಯ್ದೆಯ ಬಗ್ಗೆ ನಮಗೆ ತೀವ್ರ ಆಕ್ಷೇಪಗಳಿವೆ. ಆದರೆ ಖಬರಸ್ತಾನದ ಪಹಣಿ ಎಲ್ಲಿದೆ, ಈದ್ಗಾದ ಚಕ್ಕುಬಂದಿ ಏನು, ಅಂಗಡಿ ಮಳಿಗೆಯ ಬಾಡಿಗೆ ಕರಾರು ಯಾವ ವರ್ಷದ್ದು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೇ ಹೋದುದಕ್ಕೆ ಕೇಂದ್ರ ಸರಕಾರವನ್ನು ದೂರಿ ಪ್ರಯೋಜನವಿಲ್ಲ. ವಾರ್ಷಿಕ ಲೆಕ್ಕ ಸಲ್ಲಿಸಬೇಕೆಂಬ ನಿಯಮ 1995ರ ಕಾಯ್ದೆಯಲ್ಲೇ ಇತ್ತು.

ಹಾಸನದ ಕ್ರೈಸ್ತರ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಿದರೆ ದಫ್ತರಿನ ಮಹತ್ವ ಇನ್ನಷ್ಟು ತಿಳಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದುಬೊವಾ ಮೈಸೂರು ಸೀಮೆಗೆ ಬಂದರು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಕ್ಯಾಥೋಲಿಕರೂ ಸೇರಿದಂತೆ ಚದುರಿಹೋಗಿದ್ದವರನ್ನು ಮತ್ತೆ ಒಗ್ಗೂಡಿಸುವುದು ಅವರ ಕೆಲಸವಾಗಿತ್ತು. ಟಿಪ್ಪು ಸುಲ್ತಾನರನ್ನು ಗೌರವಿಸುವ ನಾವು ಈ ಸೆರೆಯ ಅಧ್ಯಾಯವನ್ನು ಹಾರಿಸಿ ಓದುವುದು ನ್ಯಾಯವಲ್ಲ. ದುಬೊವಾ ಹಾಸನದ ಸಮೀಪದ ಸಾತಳ್ಳಿಯಲ್ಲಿ ಕ್ರೈಸ್ತರ ಕೃಷಿ ನೆಲೆಯನ್ನು ಕಟ್ಟಿದರು. 1803ರ ಹೊತ್ತಿಗೆ ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸಕ್ಕಿಳಿದು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಮುಟ್ಟಿಸಿದರು. ಮುಂದೆ ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ, 1860ರ ದಶಕದಲ್ಲಿ, ಫ್ರೆಂಚ್ ಪಾದ್ರಿಗಳು ಜಪಮಾಲೆ ಮಾತೆಯ ಹೆಸರಿನ ದೊಡ್ಡ ಇಗರ್ಜಿಯನ್ನು ಎತ್ತಿದರು. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದರೆಂದು ಜನ ಹೇಳುತ್ತಾರೆ.

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. 2922 ಅಡಿಗಳ ಗರಿಷ್ಠ ಮಟ್ಟದಲ್ಲಿ 37 ಟಿಎಂಸಿ ನೀರು ನಿಲ್ಲುವ ಜಲಾಶಯದ ಹಿನ್ನೀರಿಗೆ ಊರುಗಳು ಹೋದವು, ಹೊಲಗಳು ಹೋದವು, ಶೆಟ್ಟಿಹಳ್ಳಿಯ ಇಗರ್ಜಿಯೂ ಹೋಯಿತು. ಈಗ ಮಳೆಗಾಲದಲ್ಲಿ ಅದರ ಕಮಾನುಗಳಷ್ಟೇ ನೀರ ಮೇಲೆ ಕಾಣುತ್ತವೆ. ಬೇಸಿಗೆಯಲ್ಲಿ ನೆಲ ಬಿಟ್ಟುಕೊಡುತ್ತದೆ, ಆಗ ಮದುವೆಗೆ ಮುನ್ನಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಬರುತ್ತವೆ. ಕಟ್ಟಡ ಹೋದರೂ ಆ ಜನ ಅನಾಥರಾಗಲಿಲ್ಲ ಎಂಬುದು ನಮ್ಮ ಗಮನ ಸೆಳೆಯುವ ಸಂಗತಿ. ಧರ್ಮಸಭೆಯ ಪದ್ಧತಿಯಲ್ಲಿ ಒಂದು ಕೇಂದ್ರ ಮುಚ್ಚಿದರೆ ಅದರ ಪುಸ್ತಕಗಳು ಮತ್ತೊಂದು ಕೇಂದ್ರಕ್ಕೋ ಧರ್ಮಪ್ರಾಂತದ ಕಚೇರಿಗೋ ಸೇರುತ್ತವೆ. ಗೋಡೆ ಮುಳುಗಿದರೂ ಹೆಸರುಗಳು ಮುಳುಗುವುದಿಲ್ಲ. ನಮ್ಮಲ್ಲಿ ಮಸೀದಿಯ ಗೋಡೆಗೆ ಗ್ರಾನೈಟ್ ಹಾಕಿಸಲು ಲಕ್ಷಗಟ್ಟಲೆ ಒಟ್ಟುಗೂಡುತ್ತದೆ. ಕಬ್ಬಿಣದ ಒಂದು ಅಲಮಾರು, ನಾಲ್ಕು ದಪ್ಪ ರಿಜಿಸ್ಟರು, ತಿಂಗಳಿಗೆ ಇಷ್ಟೆಂದು ಸಂಬಳ ಪಡೆಯುವ ಒಬ್ಬ ಗುಮಾಸ್ತ ಎಂದರೆ ಸಭೆಯಲ್ಲಿ ಮೌನ ಆವರಿಸುತ್ತದೆ.

ಮನೆಭೇಟಿಯ ಬಗ್ಗೆಯೂ ಒಂದು ಮಾತು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಂ ಎಂಬ ಇಪ್ಪತ್ತರ ತರುಣ ಗೆಳೆಯರೊಂದಿಗೆ ಆರಂಭಿಸಿದ ಸಂತ ವಿನ್ಸೆಂಟ್ ದ ಪಾಲ್ ಸಭೆ ಇಂದು ಲೋಕದ ಬಹುಪಾಲು ದೇಶಗಳ ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುತ್ತಿದೆ. ಅದರ ಕ್ರಮ ಸರಳ. ಬಡವನನ್ನು ಕಚೇರಿಗೆ ಕರೆಯಿಸುವುದಿಲ್ಲ. ಸದಸ್ಯರು ಇಬ್ಬರಾಗಿ ಅವನ ಮನೆಗೆ ಹೋಗುತ್ತಾರೆ, ಕುಳಿತು ಮಾತಾಡುತ್ತಾರೆ, ಅಕ್ಕಿಯೋ ಔಷಧಿಯೋ ಶಾಲೆಯ ಶುಲ್ಕವೋ ಏನು ಬೇಕೆಂದು ತಿಳಿದು ಬರುತ್ತಾರೆ. ರಮಝಾನಿನ ಕೊನೆಯ ವಾರದಲ್ಲಿ ಝಕಾತ್‌ಗಾಗಿ ಸಿರಿವಂತರ ಗೇಟಿನ ಮುಂದೆ ಸಾಲುಗಟ್ಟುವ ನಮ್ಮ ಹೆಂಗಸರನ್ನು ಕಂಡವರಿಗೆ ಈ ಎರಡರ ಅಂತರ ವಿವರಿಸಬೇಕಿಲ್ಲ. ರಾತ್ರಿ ಹೊತ್ತು ಬೆನ್ನ ಮೇಲೆ ಹಿಟ್ಟಿನ ಮೂಟೆ ಹೊತ್ತು ಹಸಿದ ಮಕ್ಕಳ ಮನೆಗೆ ನಡೆದ ಖಲೀಫಾ ಉಮರ್(ರ) ಅವರ ಪ್ರಸಂಗವನ್ನು ಖುತ್ಬಾಗಳಲ್ಲಿ ಕೇಳಿ ಕಣ್ಣೀರಿಡುವವರು ನಾವೇ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಇಗರ್ಜಿಯ ವ್ಯವಸ್ಥೆ ನಿರ್ದೋಷವೆಂದು ನಾವು ಹೇಳುತ್ತಿಲ್ಲ. ತ್ರಿತ್ವದ ನಂಬಿಕೆಯಲ್ಲಿ ಅವರಿಗೂ ನಮಗೂ ಇರುವ ಭೇದ ಸಣ್ಣದಲ್ಲ, ಸೌಜನ್ಯಕ್ಕಾಗಿ ಅದನ್ನು ಮರೆಮಾಚುವುದು ಅವರಿಗೂ ಇಷ್ಟವಾಗದು. ಜಾತಿಯ ಕೊಳೆ ಅವರೊಳಗೂ ಇದೆ; ದಲಿತ ಕ್ರೈಸ್ತರು ತಮ್ಮ ಇಗರ್ಜಿಗಳಲ್ಲೇ ಸಮಾನತೆಗಾಗಿ ಹೋರಾಡಬೇಕಾದ ಸ್ಥಿತಿ ದಕ್ಷಿಣ ಭಾರತದ ಹಲವೆಡೆ ಇದೆ. ಅಲ್ಲಿಯ ಅಧಿಕಾರ ಮೇಲಿನಿಂದ ಇಳಿಯುತ್ತದೆ: ಗುರುಗಳನ್ನು ನೇಮಿಸುವವರು ಬಿಷಪರು, ಜನರ ಸಮಿತಿಗೆ ಸಲಹೆಯ ಹಕ್ಕು ಮಾತ್ರ. ಈ ವಿಷಯದಲ್ಲಿ ನಮ್ಮ ಜಮಾಅತ್ ಪದ್ಧತಿಯೇ ಮೇಲು. ಸಾಮಾನ್ಯ ಮನುಷ್ಯ ಎದ್ದುನಿಂತು ಅಧ್ಯಕ್ಷರನ್ನು ಪ್ರಶ್ನಿಸಬಹುದು, ಚುನಾವಣೆಯಲ್ಲಿ ಇಳಿಸಬಹುದು. ಆದರೆ ಪ್ರಶ್ನಿಸಲು ಕೈಯಲ್ಲಿ ಲೆಕ್ಕ ಇರಬೇಕಲ್ಲ? 537ನೆಯ ನಿಯಮ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯ ಮಾಡಿದೆ. ಚುನಾಯಿತರಾದ ನಮ್ಮವರು ಜುಮಾ ಮುಗಿದ ಮೇಲೆ ತಿಂಗಳ ಜಮಾ ಖರ್ಚನ್ನು ಮಸೀದಿಯ ಫಲಕದಲ್ಲಿ ಅಂಟಿಸಲು ಹಿಂಜರಿಯುವುದೇಕೆ?

ಭಾಷೆಯ ವಿಚಾರವನ್ನೂ ಇಲ್ಲಿ ಹೇಳಬೇಕಾಗಿದೆ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೂ ಬಲಿಪೂಜೆ ಲ್ಯಾಟಿನ್‌ನಲ್ಲಿತ್ತು. ಆಮೇಲೆ ಅದು ಕನ್ನಡಕ್ಕೆ ಬಂದಿತು. ನಮಾಝಿನ ಅರಬಿ ನಮಗೆ ಬದಲಾಗದ್ದು, ಬದಲಾಗಬೇಕಾದ್ದೂ ಅಲ್ಲ. ಆದರೆ ಜುಮಾದ ಭಾಷಣವೂ ದಫ್ತರೂ ಕನ್ನಡದಲ್ಲಿರಲು ಅಡ್ಡಿಯೇನು? ಸರಕಾರಿ ಶಾಲೆಯಲ್ಲಿ ಕನ್ನಡ ಓದಿದ ನಮ್ಮ ಮಕ್ಕಳಿಗೆ ಉರ್ದು ಲಿಪಿಯ ರಿಜಿಸ್ಟರು ಓದಲು ಬಾರದು, ತಹಸೀಲ್ದಾರರಿಗೂ ಬಾರದು.

ಕ್ರೈಸ್ತ ಸಹೋದರರೊಂದಿಗಿನ ನಮ್ಮ ನೆರೆಹೊರೆ ಈ ಜಿಲ್ಲೆಯಲ್ಲಿ ಬರಿಯ ಸೌಜನ್ಯದ ವಿಷಯವಾಗಿ ಉಳಿದಿಲ್ಲ. 2021ರ ನವೆಂಬರಿನಲ್ಲಿ ಬೇಲೂರಿನ ಪ್ರಾರ್ಥನಾ ಮಂದಿರವೊಂದಕ್ಕೆ ಮತಾಂತರದ ಆರೋಪ ಹೊರಿಸಿ ಗುಂಪು ನುಗ್ಗಿದಾಗ ಎದುರು ನಿಂತು ಉತ್ತರಿಸಿದವರು ಪ್ರಾರ್ಥನೆಗೆ ಬಂದಿದ್ದ ಹೆಂಗಸರು. ಕೆಲವೇ ತಿಂಗಳಲ್ಲಿ, 2022ರ ವಸಂತದಲ್ಲಿ, ಅದೇ ಬೇಲೂರಿನ ಚೆನ್ನಕೇಶವ ರಥೋತ್ಸವದಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶ ಬೇಡವೆಂಬ ಕೂಗೆದ್ದಿತು. ರಥದ ಮುಂದೆ ಕುರ್‌ಆನ್ ಪಠಿಸುವ ಹಳೆಯ ಪದ್ಧತಿಯೂ ವಿವಾದವಾಯಿತು, ಆದರೂ ಆ ವರ್ಷ ಪಠಣ ನಡೆಯಿತು. ಅಲ್ ಹಜ್ ಅಧ್ಯಾಯದ 40ನೆಯ ಸೂಕ್ತ ರಕ್ಷಣೆಗೆ ಅರ್ಹವಾದ ಸ್ಥಳಗಳನ್ನು ಹೆಸರಿಸುವಾಗ ಸನ್ಯಾಸಿಗಳ ಮಠ, ಇಗರ್ಜಿ, ಯಹೂದಿಯರ ಮಂದಿರಗಳನ್ನು ಮೊದಲು ಹೇಳಿ ಮಸೀದಿಯನ್ನು ಕೊನೆಗೆ ಹೇಳುತ್ತದೆ. ನಜ್ರಾನಿನ ಕ್ರೈಸ್ತರು ಮದೀನಾಕ್ಕೆ ಬಂದಾಗ ಪ್ರವಾದಿ(ಸ)ರ ಮಸೀದಿಯಲ್ಲೇ ತಮ್ಮ ಪ್ರಾರ್ಥನೆ ಸಲ್ಲಿಸಿದರೆಂದು ಸೀರಾ ಗ್ರಂಥಗಳು ತಿಳಿಸುತ್ತವೆ. ಬೇಲೂರಿನ ಆ ಹೆಂಗಸರ ಪರವಾಗಿ ನಮ್ಮ ಎಷ್ಟು ಜಮಾಅತ್‌ಗಳು ಒಂದು ಮನವಿಪತ್ರವನ್ನಾದರೂ ಬರೆದವು?

ನಾಲ್ಕೂ ತಾಲ್ಲೂಕುಗಳ ಜಮಾಅತ್‌ಗಳ ಮುಂದೆ ನಮ್ಮ ಕೋರಿಕೆ ದೊಡ್ಡದಲ್ಲ. ಬರುವ ಶಅಬಾನ್ ತಿಂಗಳಲ್ಲಿ ಮೊಹಲ್ಲಾದ ಓದಿದ ಯುವಕ ಯುವತಿಯರಿಗೆ ತಲಾ ಹತ್ತು ಮನೆಗಳನ್ನು ಹಂಚಿಕೊಡಲಿ. ಚಂದಾ ಬಾಕಿಯ ಪ್ರಶ್ನೆ ಕೇಳದೆ, ಯಾರಿದ್ದಾರೆ, ಯಾರಿಗೆ ಕಾಯಿಲೆ, ಯಾವ ಮಗು ಶಾಲೆ ಬಿಟ್ಟಿದೆ, ಯಾರ ನಿಕಾಹ್‌ನಾಮಾ ಕಳೆದಿದೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಂಡು ಬರಲಿ. ಹೆಂಗಸರಿರುವ ಮನೆಗೆ ಹುಡುಗಿಯರೇ ಹೋಗಲಿ, ಸಮಿತಿಯಲ್ಲಿ ಅವರಿಗೂ ಕುರ್ಚಿ ಇರಲಿ. ಬೇರೆ ಊರಿನ ವರ ಬಂದಾಗ ಆ ಊರಿನ ಜಮಾಅತ್‌ನಿಂದ ಪತ್ರ ಬಂದ ಮೇಲೆಯೇ ನಿಕಾಹ್‌ನ ದಿನ ಗೊತ್ತುಮಾಡಲಿ. ಹಾಸನದ ಜಮಾಅತ್ ಚನ್ನರಾಯಪಟ್ಟಣಕ್ಕೆ, ಹೊಳೆನರಸೀಪುರದ್ದು ಅರಕಲಗೂಡಿಗೆ ಇಂಥ ಪತ್ರವನ್ನು ಕಳುಹಿಸಲು ಅಂಚೆಯ ಖರ್ಚೂ ಇಲ್ಲ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಕಳುಹಿಸಿದರಾಯಿತು. ರಮಝಾನ್ ಬರುವ ಹೊತ್ತಿಗೆ ಪಟ್ಟಿ ಸಿದ್ಧವಿದ್ದರೆ ಈ ಸಲದ ಝಕಾತ್ ಆ ಪಟ್ಟಿಯ ಮನೆಗಳಿಗೆ ತಾನಾಗಿ ನಡೆದುಹೋಗಬಹುದು.