ಗೊಂಬಿ ಸಿನಿಮಾ ಅಂತ ನಗಬ್ಯಾಡ್ರಿ

ಮೊನ್ನೆ ಆಳಂದದಾಗ ಕುಬಸದ ಮನ್ಯಾಗ ರೊಟ್ಟಿ ಬಡೀಲಾಕ ಕುಂತಾಗ ನಮ್ಮ ವೈನಿಯೊಬ್ರು ಎಲ್ಲಾರ ಮುಂದ ಅಂದ್ರು, "ಇಕಿಗಿ ಐವತ್ತು ದಾಟ್ಯಾವ, ಮೊಮ್ಮಗಳ ಜೋಡಿ ಕಾರ್ಟೂನ್ ನೋಡಿ ಅಳ್ತಾಳಂತ!" ಎಲ್ಲಾರೂ ನಕ್ಕರು. ನಾನೂ ನಕ್ಕೆ. ಮನಿಗಿ ಬಂದ ಮ್ಯಾಲ ಸಿಟ್ಟು ಬಂತು. ಅವತ್ತು ಹೇಳದ ಮಾತು ಇವತ್ತು ಹೇಳ್ತೀನಿ, ಕೇಳ್ರಿ.

ನಾ ನೋಡಿದ್ದು 'ಮೈ ನೇಬರ್ ಟೊಟೊರೊ'. ಜಪಾನಿನ ಹಯಾವೊ ಮಿಯಾಜಾಕಿ 1988ರಾಗ ಮಾಡಿದ್ದು. ಒಂದು ಹಳ್ಳಿ, ಅಕ್ಕ-ತಂಗಿ ಇಬ್ಬರು, ತಾಯಿ ದವಾಖಾನ್ಯಾಗ. ಅಕ್ಕ ಸತ್ಸುಕಿ ಅಡಿಗಿ ಮಾಡ್ತಾಳ, ತಂಗೀನ ಸಂಭಾಳಿಸ್ತಾಳ, ನಗ್ತಾನೇ ಇರ್ತಾಳ. ದವಾಖಾನಿಯಿಂದ ತಾರು ಬಂದ ದಿನ ಮಾತ್ರ ನೆರೆಮನಿ ಅಜ್ಜಿ ಮುಂದ ಗೊಳೋ ಅಂತ ಅಳ್ತಾಳ. ಅದು ನೋಡಿ ಸಣ್ಣಾಕಿ ಮೇಯಿ, ಅವ್ವಗ ಆರಾಮಾಗ್ಲಿ ಅಂತ ಒಂದು ಮೆಕ್ಕಿಜ್ವಾಳದ ತೆನಿ ಎದಿಗವಚಿಕೊಂಡು ಒಬ್ಬಾಕಿನೇ ಹೊಂಟುಬಿಡ್ತಾಳ.

ನಾ ಕಲಬುರಗಿ ದವಾಖಾನ್ಯಾಗ ಒಂದೂವರಿ ತಿಂಗಳು ಬಿದ್ದಾಗ ನನ್ನ ಹಿರೇ ಮಗಳಿಗಿ ಒಂಬತ್ತು ವರ್ಷ. ಜೇವರ್ಗಿಯ ನಮ್ಮ ಅಕ್ಕನ ಮನ್ಯಾಗ ಬಿಟ್ಟಿದ್ದೆ. "ಭಾಳ ಶಾಣ್ಯಾಕಿ, ಒಂದಿನಾನೂ ಅಳ್ಲಿಲ್ಲ" ಅಂತ ಎಲ್ಲಾರೂ ಹೊಗಳಿದ್ರು. ನಾನೂ ಹೆಮ್ಮಿ ಪಟ್ಟಿದ್ದೆ. ಸಿನಿಮಾ ಮುಗಿದ ಮ್ಯಾಲ ಫೋನ್ ಹಚ್ಚಿ, "ಅವಾಗ ನೀ ಎಲ್ಲಿ ಅಳ್ತಿದ್ದಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದನದ ಕೊಟಗ್ಯಾಗ, ಅವ್ವಾ" ಅಂದ್ಳು. ಇಪ್ಪತ್ತೊಂದು ವರ್ಷ ಆದ ಮ್ಯಾಲ! ಈಗ ಹೇಳ್ರಿ, ಇದು ಹುಡುಗರ ಆಟ ಏನು?

ನಾವು ನೋಡೋ ಧಾರಾವಾಹಿಯೊಳಗ ಒಂದೇ ಮಾರಿ ಮೂರು ಸಲ ತೋರಿಸಿ, ಢಂ ಢಂ ಬಾರಿಸಿ, ಈಗ ಅಳ್ರಿ ಅಂತಾರ. ನಾವೂ ಅಳ್ತೀವಿ, ಎದ್ದು ಒಗ್ಗರಣಿ ಹಾಕ್ತೀವಿ, ಮರೀತೀವಿ. ಟೊಟೊರೊದಾಗ ಅಪ್ಪ ಬರೋ ಬಸ್ಸಿಗಿ ಅಕ್ಕ-ತಂಗಿ ಮಳ್ಯಾಗ ಕಾಯ್ತಾರ. ಅಕ್ಕನ ಬೆನ್ನಮ್ಯಾಲ ಸಣ್ಣಾಕಿ ನಿದ್ದಿ ಹೋಗ್ತಾಳ. ಮಾತಿಲ್ಲ, ಕತಿಲ್ಲ. ಎರಡು ಚಪ್ಪಾಳಿ ನಡುವಿನ ಖಾಲಿ ಜಾಗಕ್ಕ ಜಪಾನಿನವರು 'ಮಾ' ಅಂತಾರಂತ. ಆ ಖಾಲಿ ಜಾಗದಾಗೇ ನಮ್ಮ ನೆನಪು ಬಂದು ಕೂಡ್ತಾವ. ಮಿಯಾಜಾಕಿಯ ತಾಯಿನೂ ಕ್ಷಯರೋಗದಿಂದ ವರ್ಷಗಟ್ಟಲೆ ಮಲಗಿದ್ದಾಕಿ. ಉಂಡ ನೋವು ಅದು.

ಇದರ ಜೋಡಿ ಅದೇ ದಿನ ಜಪಾನಿನ ಥಿಯೇಟರಿಗಿ ಬಂದಿದ್ದು ಇಸಾವೊ ತಕಹಾತ ಮಾಡಿದ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. 1945ರ ಬಾಂಬಿನ್ಯಾಗ ತಾಯಿ ಸತ್ತು, ಅಣ್ಣ-ತಂಗಿ ಸಂಬಂಧಿಕರಾಕಿ ಮನಿ ಸೇರ್ತಾರ. ಅಕಿ ಇವರ ತಾಯಿ ಬಟ್ಟಿ ಕೊಟ್ಟು ಅಕ್ಕಿ ತರ್ತಾಳ, ಆಮ್ಯಾಲ ಇವರ ತುತ್ತು ಎಣಿಸ್ತಾಳ. ಅಕಿ ಕೆಟ್ಟಾಕಿ ಅಂತ ಬೈದು ಟಿವಿ ಆರಿಸಬ್ಯಾಡ್ರಿ. ಸಾಲಿ ಕಲೀಲಾಕ ಬಂದ ಮಂದಿ ಮಕ್ಕಳ ರೊಟ್ಟಿ ನಾವು ಎಂದೂ ಎಣಿಸಿಲ್ಲೇನು? ನಾ ಎಣಿಸೀನಿ. ಅದಕ್ಕೇ ಆ ಸಿನಿಮಾ ನನಗ ಎರಡು ದಿನ ನಿದ್ದಿ ಕೊಡಲಿಲ್ಲ.

ಜಪಾನಿನ ಎಲ್ಲಾ ಗೊಂಬಿ ಸಿನಿಮಾ ಹಿಂಗಿರಲ್ಲ, ಖರೇ. ಕತ್ತಿ, ರಕ್ತ ಇದ್ದವೂ ಭಾಳ ಅವ. ಅದಕ್ಕೇ ಹುಡುಗರ ಕೈಗಿ ಮೊಬೈಲ್ ಕೊಟ್ಟು ಒಲಿ ಮುಂದ ಹೋಗೋದು ತಪ್ಪು ಅಂತೀನಿ. ಟೊಟೊರೊ ಮೊದಲ ನೋಡ್ರಿ, ಮಕ್ಕಳ ಮಗ್ಗಲಾಗ ಕುಂತು. ಎರಡನೇದು ಸಣ್ಣ ಮಕ್ಕಳಿಗಿ ಬ್ಯಾಡೇ ಬ್ಯಾಡ, ಮೊದಲ ನೀವು ನೋಡ್ರಿ. ಕೆಳಗ ಇಂಗ್ಲಿಷ್ ಬಂದ್ರ ಅಂಜಬ್ಯಾಡ್ರಿ, ನನಗ ಮೊಮ್ಮಗಳು ಓದಿ ಹೇಳ್ತಾಳ. ಏನೂ ನಡೀವಲ್ದು ಅಂತ ಮುಂದ ಓಡಿಸಬ್ಯಾಡ್ರಿ. ಮುಗಿದ ಕೂಡ್ಲೇ ದೀಪ ಹಚ್ಚಿ ಪಾತ್ರಿ ತಿಕ್ಕಲಾಕ ಏಳಬ್ಯಾಡ್ರಿ. ಕೂಸು ಅತ್ತರ "ಅಳಬ್ಯಾಡ, ಅದು ಸುಳ್ಳ ಅದ" ಅನ್ನಬ್ಯಾಡ್ರಿ. ಯಾಕ ಅಳು ಬಂತು ಅಂತ ಕೇಳ್ರಿ. ನಾ ಕೇಳಲಾಕ ಇಪ್ಪತ್ತೊಂದು ವರ್ಷ ತಡ ಮಾಡಿದೆ.

ವೈನಿ, ಈ ಐತವಾರ ಅಫಜಲಪುರಕ್ಕ ನಮ್ಮ ಮನಿಗಿ ಬರ್ರಿ. ಸುಸಲಾ ನಾ ಮಾಡ್ತೀನಿ. ನೋಡಿದ ಮ್ಯಾಲೂ ನಗು ಬಂದ್ರ ನಗ್ರಿ.