ಕೊಬ್ಬರಿ ಮಾರಿ ಅಲ್ಟ್ರಾ ಹಾಕಬೇಡಿ

ಹೋದ ತಿಂಗಳು ತಿಪಟೂರು ಕಡೆಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಬಿಇ ಕೊನೇ ವರ್ಷ. "ಅಣ್ಣ, ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು, 45 ಸಾವಿರ ಆಗುತ್ತೆ. ಪ್ರಾಜೆಕ್ಟಿಗೆ, ಮಷೀನ್ ಲರ್ನಿಂಗ್‌ಗೆ ಬೇಕೇ ಬೇಕು ಅಂತ ಅಪ್ಪಂಗೆ ನೀನೊಂದ್ಸಲ ಹೇಳಣ್ಣ."

"ಯಾವ ಗೇಮೋ?" ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ರೆಡ್ ಡೆಡ್ ರಿಡೆಂಪ್ಷನ್ 2."

ಚಿಕ್ಕಪ್ಪನ ಹತ್ತಿರ ಆ ದುಡ್ಡು ಬರೋದು ಅಟ್ಟದಿಂದ. ಹನ್ನೊಂದು ಹನ್ನೆರಡು ತಿಂಗಳು ಅಲ್ಲಿ ಕೂತು ಒಣಗಿದ ಕೊಬ್ಬರಿಯಿಂದ. ಅದನ್ನ ಮಾರಿ ನೀರಿನ ಅಲೆ ಇನ್ನೊಂಚೂರು ಚೆನ್ನಾಗಿ ಕಾಣೋ ಹಾಗೆ ಮಾಡೋದಕ್ಕೆ ನಾನು ಸುಳ್ಳು ಹೇಳಬೇಕು. ಇದು ಅವನೊಬ್ಬನ ಕಥೆಯಾಗಿದ್ರೆ ಬಯ್ದು ಸುಮ್ಮನಾಗ್ತಿದ್ದೆ. ಆದರೆ ನನ್ನ ಟೀಮಿನಲ್ಲೇ ಮೂರು ಜನ ಇಎಂಐ ಮೇಲೆ ಕಾರ್ಡ್ ತಗೊಂಡು, ಎಲ್ಲವನ್ನೂ ಅಲ್ಟ್ರಾಕ್ಕೆ ಎಳೆದು, "ಥೂ, ಇದೂ ಸಾಲ್ತಿಲ್ಲ" ಅಂತ ಕೂತಿದ್ದಾರೆ. ದಿನವಿಡೀ ಬೇರೆಯವರ ಕೋಡ್ ಟ್ಯೂನ್ ಮಾಡೋ ಜನ ಇವರು!

ಆ ಗೇಮನ್ನೇ ತಗೊಳ್ಳಿ. 2019ರ ನವೆಂಬರಿನಲ್ಲಿ ಪಿಸಿಗೆ ಬಂತು. ಎಕ್ಸ್‌ಬಾಕ್ಸ್ ಒನ್ ಎಕ್ಸ್‌ನಲ್ಲಿ ಅದನ್ನು ನೋಡಿ ಲೋಕವೇ ಬೆರಗಾಗಿತ್ತಲ್ಲ, ಅಲ್ಲಿನ ಕೆಲವು ಸೆಟ್ಟಿಂಗುಗಳು ಪಿಸಿಯ 'ಲೋ'ಗಿಂತಲೂ ಕೆಳಗಿದ್ದವು ಅಂತ ಡಿಜಿಟಲ್ ಫೌಂಡ್ರಿಯವರು ಹೋಲಿಸಿ ತೋರಿಸಿದ್ದಾರೆ. ಅಲ್ಟ್ರಾ ಅನ್ನೋದು ಹಣೆಪಟ್ಟಿ, ಅಷ್ಟೆ. ಅದರಿಂದ ಎಷ್ಟು ಕೆಲಸ ಜಾಸ್ತಿ, ಎಷ್ಟು ಅಂದ ಜಾಸ್ತಿ ಅನ್ನೋದು ಗೇಮಿಂದ ಗೇಮಿಗೆ ಬೇರೆ.

ತಮ್ಮನ ಹತ್ತಿರ ಇರೋದು 4 ಜಿಬಿಯ ಜಿಟಿಎಕ್ಸ್ 1650. ಸ್ಕ್ರೀನ್ ಶೇರ್ ಮಾಡಿಸಿದೆ. ಎಂಎಸ್‌ಎಎ 4ಎಕ್ಸ್! ಈ ಗೇಮಿನಲ್ಲಿ ಅದು ಕಾರ್ಡನ್ನ ಹಿಂಡಿ ಹಾಕುತ್ತೆ. ಅದನ್ನ ತೆಗೆಸಿ ಟಿಎಎ ಹಾಕಿಸಿದೆ. ನೀರಿನ ಫಿಸಿಕ್ಸ್ ಅರ್ಧಕ್ಕಿಂತ ಕೆಳಗೆ, ಮಂಜು ಬೆಳಕಿನ ವಾಲ್ಯೂಮೆಟ್ರಿಕ್ ಮೀಡಿಯಂ. ಟೆಕ್ಸ್ಚರ್ ಮಾತ್ರ ಅಲ್ಟ್ರಾದಲ್ಲೇ ಬಿಡು ಅಂದೆ, ಯಾಕಂದ್ರೆ ಇಲ್ಲಿ ಒಂದು ಮೆಟ್ಟಿಲು ಇಳಿದರೂ ನೆಲ ಗೋಡೆ ಎಲ್ಲ ಕಲಸಿಟ್ಟ ಹಾಗೆ ಕಾಣುತ್ತೆ. 25ರ ಹತ್ತಿರ ತೆವಳುತ್ತಿದ್ದ ಫ್ರೇಮ್ ರೇಟ್ 45 ದಾಟಿತು. ಇದೇ ಬುದ್ಧಿಯನ್ನ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1'ಗೆ ತಗೊಂಡು ಹೋದರೆ ಕೆಟ್ಟಿರಿ. 2023ರಲ್ಲಿ ಅದು ಪಿಸಿಗೆ ಬಂದಾಗ 8 ಜಿಬಿ ಕಾರ್ಡುಗಳೇ ಏದುಸಿರು ಬಿಟ್ಟವು. ಅಲ್ಲಿ ಮೊದಲು ಇಳಿಸಬೇಕಾದ್ದೇ ಟೆಕ್ಸ್ಚರು. ಕಬ್ಬಿಗೆ ಹಾಯಿಸೋ ನೀರನ್ನ ರಾಗಿಗೆ ಯಾರಾದ್ರೂ ಹಾಯಿಸ್ತಾರಾ?

ಹಾಯಿಸಿ ಅಂತ ಹೇಳೋ ಗುರುಗಳು ಯೂಟ್ಯೂಬಿನ ತುಂಬ ಇದ್ದಾರೆ. ನನಗೆ ನಿಜವಾದ ಸಿಟ್ಟಿರೋದು ಇವರ ಮೇಲೆ. 'ಎಫ್‌ಪಿಎಸ್ ಡಬಲ್' ಅಂತ ಕೆಂಪು ಬಾಣ ಹಾಕಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಸಿ, ಎಲ್ಲವನ್ನೂ ಗ್ಲೋಬಲ್ ಸೆಟ್ಟಿಂಗ್ಸಿನಲ್ಲೇ ತುರುಕಿಸ್ತಾರೆ. 'ಪ್ರಿಫರ್ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್' ಅಲ್ಲಿ ಹಾಕಿದ್ರೆ ನೀವು ಎಕ್ಸೆಲ್ ನೋಡ್ತಾ ಕೂತಿದ್ರೂ ಕಾರ್ಡಿನ ಗಡಿಯಾರ ವೇಗ ಇಳಿಯಲ್ಲ. ಮೇ ತಿಂಗಳಲ್ಲಿ ಪಿಜಿ ರೂಮಿಗೆ ಹೀಟರ್ ಇಟ್ಟ ಹಾಗೆ. ಅನೈಸೊಟ್ರೋಪಿಕ್ ಫಿಲ್ಟರಿಂಗ್ ಆಫ್ ಮಾಡಿ ಅಂತಾರೆ. ಈಗಿನ ಕಾರ್ಡಿಗೆ 16ಎಕ್ಸ್ ಕೂಡ ಹೆಚ್ಚುಕಮ್ಮಿ ಪುಕ್ಕಟೆ, ತೆಗೆದರೆ ದೂರದ ರಸ್ತೆಯೆಲ್ಲ ಮಸುಕು. ಒಂದು ಸರ್ವಿಸಿಗೆ ಬೇಕಾದ ಕಾನ್ಫಿಗರೇಷನ್ನನ್ನ ಎಲ್ಲಾ ಸರ್ವಿಸಿಗೂ ಹಾಕಿ ಪ್ರೊಡಕ್ಷನ್‌ಗೆ ತಳ್ಳಿದರೆ ನಿಮ್ಮ ಆಫೀಸಿನಲ್ಲಿ ಸುಮ್ಮನೆ ಬಿಡ್ತಾರಾ ಸ್ವಾಮಿ?

ಗ್ಲೋಬಲ್ ಪಕ್ಕದಲ್ಲೇ 'ಪ್ರೋಗ್ರಾಂ ಸೆಟ್ಟಿಂಗ್ಸ್' ಅಂತ ಇನ್ನೊಂದು ಟ್ಯಾಬ್ ಇದೆ. ಎಎಂಡಿಯ ಅಡ್ರಿನಲಿನ್‌ನಲ್ಲೂ ಗೇಮಿಗೊಂದು ಪ್ರೊಫೈಲ್ ಮಾಡಬಹುದು. 2011ರ ಸ್ಕೈರಿಮ್ ಹಾಕಿ ನೋಡಿ: ಅದರ ಫಿಸಿಕ್ಸು ಫ್ರೇಮ್ ರೇಟಿಗೆ ಗಂಟು ಬಿದ್ದಿದೆ, 60 ದಾಟಿದರೆ ಮೇಜಿನ ಮೇಲಿನ ತಟ್ಟೆ ಲೋಟ ಹಾರಾಡ್ತವೆ. ಅದೊಂದಕ್ಕೆ ಮಾತ್ರ 'ಮ್ಯಾಕ್ಸ್ ಫ್ರೇಮ್ ರೇಟ್' 60 ಅಂತ ಕಟ್ಟಿಹಾಕಿದರೆ ಮುಗೀತು. 2020ರಿಂದ ಡ್ರೈವರಿನಲ್ಲೇ ಇದೆ ಅದು. ಫ್ರೇಮಿಗೆ ಲಗಾಮು ಹಾಕೋದು ಬಡವರ ಚಾಳಿ ಅನ್ನೋರಿಗೆ 2021ರ ಜುಲೈ ನೆನಪಿಸ್ತೀನಿ. ಅಮೆಜಾನಿನ 'ನ್ಯೂ ವರ್ಲ್ಡ್' ಬೀಟಾ ಆಡುವಾಗ ಕೆಲವರ ಆರ್‌ಟಿಎಕ್ಸ್ 3090 ಕಾರ್ಡುಗಳೇ ಸತ್ತವು. ಬೆಸುಗೆ ಸರಿಯಿರಲಿಲ್ಲ ಅಂತ ಇವಿಜಿಎ ಆಮೇಲೆ ಹೇಳಿತು, ಇರಲಿ. ಆದರೆ ಅಮೆಜಾನ್ ಮೊದಲು ಮಾಡಿದ ಕೆಲಸಗಳಲ್ಲೊಂದು ಮೆನು ಪರದೆಗೆ ಫ್ರೇಮ್ ಮಿತಿ ಹಾಕಿದ್ದು.

ಒಂದು ಮಾತು ಒಪ್ಪಿಕೊಳ್ತೀನಿ. 'ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್'ಗೆ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇರಲೇಬೇಕು, 1650ಯಲ್ಲಿ ಯಾವ ಸೆಟ್ಟಿಂಗೂ ಅದನ್ನ ಓಡಿಸಲ್ಲ. ಅರೆಬೆಂದ ಗೇಮು ಬಿಟ್ಟು, ಉಳಿದದ್ದನ್ನ ನಮ್ಮ ಜೇಬಿನಿಂದ ಬೇಯಿಸಿಕೊಳ್ಳೋ ಕಂಪನಿಗಳ ಪರ ವಕಾಲತ್ತೂ ನಾನು ಮಾಡ್ತಿಲ್ಲ. ಅವರಿಗೆ ಬಯ್ಯಿರಿ. ಆದ್ರೆ ಬಯ್ಯೋಕೆ ಮುಂಚೆ ಆ ಟ್ಯಾಬ್ ಒಂದ್ಸಲ ತೆರೆದಿದ್ರಾ ಹೇಳಿ.

ತಮ್ಮ ಎರಡು ದಿನ ಮಾತು ಬಿಟ್ಟಿದ್ದ. ಭಾನುವಾರ ಚಿಕ್ಕಪ್ಪನೇ ಫೋನ್ ಮಾಡಿದರು. "ಅದೇನೋ ಮಷೀನ್ ಬೇಕು ಅಂತಿದ್ನಲ್ಲಪ್ಪಾ, ತಗೋಬೇಕಾ?"

"ಈಗಲೇ ಬೇಡ ಚಿಕ್ಕಪ್ಪ, ಇರೋದ್ರಲ್ಲೇ ಸರಿ ಮಾಡಿಕೊಟ್ಟಿದೀನಿ."

"ಹಂಗಾದ್ರೆ ಸರಿ. ರೇಟು ಬರೋವರ್ಗೂ ಕೊಬ್ಬರಿ ಅಟ್ಟದಲ್ಲೇ ಇರ್ಲಿ ಬುಡು" ಅಂದು ಫೋನಿಟ್ಟರು.